ಅಪ್‌ಡೇಟ್: ವ್ಯಾಸಂಗಕ್ಕೆ ಅಗ್ಗದ ಲ್ಯಾಪ್‌ಟಾಪ್ ಕೊನೆಗೂ ಸಿಕ್ಕಿತು

ಪದವಿ ವ್ಯಾಸಂಗಕ್ಕೆ ಯಾವ ಲ್ಯಾಪ್‌ಟಾಪ್ ಕೊಳ್ಳಲೆಂದು ನಾನು ಕೇಳಿದ್ದಾಗ, ಅಗ್ಗದ ಹೊಸ ಯಂತ್ರಕ್ಕಿಂತ ಕಚೇರಿಗಳಲ್ಲಿ ಬಳಸಿ ನವೀಕರಿಸಿದ ಯಂತ್ರವೇ ಮೇಲೆಂದು ಹೇಳಿದವರ ಸಲಹೆ ಫಲಿಸಿತು. 16 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ ಸಂಗ್ರಹ ಸಾಧನ) ಇರುವುದನ್ನು ಕೊಂಡೆ. ಸಂಖ್ಯಾಶಾಸ್ತ್ರದ ತಂತ್ರಾಂಶದ ಜೊತೆಗೆ ಬ್ರೌಸರ್‌ನಲ್ಲಿ ಹತ್ತಾರು ಪುಟಗಳು ತೆರೆದಿದ್ದರೂ ಅದು ತಡವರಿಸುವುದಿಲ್ಲ. ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಓಎಸ್ ಇರುವ ಕ್ರೋಮ್‌ಬುಕ್ ನನಗೆ ಹೊಂದಲಿಲ್ಲ, ಏಕೆಂದರೆ ನಮ್ಮ ಪ್ರಯೋಗಾಲಯದ ತಂತ್ರಾಂಶಕ್ಕೆ ವಿಂಡೋಸ್ ಬೇಕೇ ಬೇಕು.

ಅಚ್ಚರಿಯೆನಿಸಿದ್ದು ಪ್ರೊಸೆಸರ್‌ನ ವಿಚಾರ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ನಲ್ಲಿ ಮುಗಿದಿದ್ದು, ವಿಂಡೋಸ್ 11 ಸಾಮಾನ್ಯವಾಗಿ ಇಂಟೆಲ್‌ನ 8ನೇ ಪೀಳಿಗೆಯದನ್ನೋ ಅನಂತರದ್ದನ್ನೋ ಕೇಳುವುದರಿಂದ, ಅದಕ್ಕಿಂತ ಹಳೆಯ ಯಂತ್ರಗಳನ್ನು (ಬೆಲೆ ಎಷ್ಟೇ ಆಸೆ ಹುಟ್ಟಿಸಿದರೂ) ಬಿಟ್ಟುಬಿಟ್ಟೆ. ಹಣ ಕೊಡುವ ಮೊದಲು ವಿಂಡೋಸ್‌ನ ಬ್ಯಾಟರಿ ವರದಿಯನ್ನು ತೆಗೆಸಿ ನೋಡಿ. ಮೂಲ ಸಾಮರ್ಥ್ಯದಲ್ಲಿ ಈಗ ಎಷ್ಟು ಉಳಿದಿದೆಯೆಂಬುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.