ಓಮ್ನಿ ಕ್ಯಾಂಪರ್‌ಗೆ ಟೈರ್: ಕಾರಿನದ್ದು ಸಾಕಾ, ಎಲ್‌ಟಿ ಬೇಕಾ?

ಮಂಡ್ಯ ಓಮ್ನಿ:
ಎಲ್ಲರಿಗೂ ನಮಸ್ಕಾರ. ಗಾಡಿ 2009ರ ಪೆಟ್ರೋಲ್ ಓಮ್ನಿ. ಹಿಂದಿನ ಸೀಟು ತೆಗೆಸಿ 12 ಎಂಎಂ ಪ್ಲೈವುಡ್‌ನಲ್ಲಿ ಮಂಚ, ಕಪಾಟು ಮಾಡಿಸಿದೆ. ಎಡಗಡೆ ಗೋಡೆಗೆ ಒತ್ತಿ 150 ಎಎಚ್ ಟ್ಯೂಬುಲರ್ ಬ್ಯಾಟರಿ, ಅದರ ಪಕ್ಕ 40 ಲೀಟರ್ ನೀರಿನ ಕ್ಯಾನು, 5 ಕೆಜಿ ಸಿಲಿಂಡರ್, ಸ್ಟವ್. ಈಗಿರೋ ಟೈರ್ 145/80 ಆರ್ 12 (12 ಇಂಚಿನ ರಿಮ್‌ನದ್ದು), 74ಟಿ. ಬಟನ್ (ರಸ್ತೆ ಹಿಡಿಯೋ ಉಬ್ಬು) ಅರ್ಧಕ್ಕಿಂತ ಜಾಸ್ತಿ ಇದೆ, ಆದರೆ ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಬಂದಿದೆ. ತಾರೀಕಿನ ಜಾಗದಲ್ಲಿ 3416 ಅಂತ ಇದೆ. ಒಂದು ಅಂಗಡೀಲಿ ಇದೇ ಸೈಜಿನ ಕಾರ್ ಟೈರ್ ಸಾಕು ಅಂದ್ರು, ಇನ್ನೊಂದರಲ್ಲಿ ಎಲ್‌ಟಿ (ಲೈಟ್ ಟ್ರಕ್, ಅಂದರೆ ಸಣ್ಣ ಸರಕು ಗಾಡಿಯ ಗಟ್ಟಿ ಟೈರ್) 8 ಪ್ಲೈ (ಪದರದ ಬಲದ ಅಂಕಿ) ಹಾಕ್ಸಿ ಅಂದ್ರು, ಮೂರನೆಯವರು 13 ಇಂಚಿನ ರಿಮ್‌ಗೇ ಹೋಗಿ ಅಂದ್ರು. ಓಡಾಟ ಮಂಡ್ಯ–ಮೈಸೂರು, ಮಡಿಕೇರಿ, ಗುಂಡ್ಲುಪೇಟೆ ಮೇಲೆ ಊಟಿ. ಯಾವುದು ಹಾಕಿಸಲಿ? ಈಗ ಎರಡೇ ಹಾಕಿಸಿದರೆ ನಡೆಯುತ್ತಾ?

ಗಾಳಿ–ತೂಕ:
ಮೊದಲು ತೂಕ ಹಾಕಿಸಿ, ಆಮೇಲೆ ಟೈರ್ ಅಂಗಡಿಗೆ ಹೋಗಿ ಸರ್. ನೀರು, ಪೆಟ್ರೋಲ್, ಸಿಲಿಂಡರ್ ತುಂಬಿರಲಿ, ಜೊತೆಗೆ ಬರೋ ಜನಾನೂ ಒಳಗೆ ಕೂತಿರಲಿ. ಮಂಡ್ಯದಲ್ಲಿ ವೇಬ್ರಿಡ್ಜಿಗೆ ಬರವಿಲ್ಲ. ಕಬ್ಬು ಅರೆಯೋ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಸಾಲು ಇರುತ್ತೆ, ಆಗ ಅಕ್ಕಿ ಗಿರಣಿ ಪಕ್ಕದ್ದಕ್ಕೆ ಹೋಗಿ.

ಮೊದಲು ಮುಂದಿನ ಎರಡು ಚಕ್ರ ಮಾತ್ರ ಹತ್ತಿಸಿ ಒಂದು ತೂಕ, ಆಮೇಲೆ ಪೂರ್ತಿ ಗಾಡಿ. ಎರಡನೇದರಲ್ಲಿ ಮೊದಲನೇದು ಕಳೆದರೆ ಹಿಂದಿನ ಆಕ್ಸಲ್ ಸಿಕ್ಕಿತು. ಪ್ಲಾಟ್‌ಫಾರಂ ನೆಲದ ಮಟ್ಟಕ್ಕೇ ಇದ್ದರೆ ಎಡಗಡೆ ಹಿಂದಿನ ಚಕ್ರ ಒಂದನ್ನೇ ಅಂಚಿಗೆ ಹತ್ತಿಸಿ ಅದನ್ನೂ ಬರೆದುಕೊಳ್ಳಿ. ರ‍್ಯಾಂಪ್ ಇರೋ ಎತ್ತರದ ವೇಬ್ರಿಡ್ಜ್‌ನಲ್ಲಿ ಇದು ಬೇಡ, ಗಾಡಿ ವಾಲಿದರೆ ತೂಕ ತಪ್ಪು ಬರುತ್ತೆ. ಲಾರಿ ತೂಗೋ ವೇಬ್ರಿಡ್ಜ್ 10 ಕೆಜಿ ಅಂತರದಲ್ಲಿ ತೋರಿಸಬಹುದು, ನಮ್ಮ ಲೆಕ್ಕಕ್ಕೆ ಅಷ್ಟು ಸಾಕು.

ನಿಮ್ಮ 74 ಅನ್ನೋ ಸಂಖ್ಯೆ ಇದೆಯಲ್ಲ, ಅದರರ್ಥ ಒಂದು ಟೈರ್ 375 ಕೆಜಿ ಹೊರುತ್ತೆ ಅಂತ. 80 ಅಂದರೆ 450, 86 ಅಂದರೆ 530. ಪಕ್ಕದ ಟಿ ಅಕ್ಷರ ಗಂಟೆಗೆ 190 ಕಿಮೀ ಮಿತಿ. ಅದರ ಬಗ್ಗೆ ಓಮ್ನಿಯಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ಮಂಡ್ಯ ಓಮ್ನಿ:
ಹಾಕಿಸಿದೆ. ಒಟ್ಟು 1310 ಕೆಜಿ. ಮುಂದೆ 590, ಹಿಂದೆ 720. ಹಿಂದಿನ ಎಡ ಚಕ್ರ ಒಂದೇ 390. ಹಿಂದಿನ ಎರಡು ಟೈರ್ ಸೇರಿ 750 ಹೊರುತ್ತೆ ಅಂದ್ಮೇಲೆ 720 ಒಳಗೇ ಇದೆಯಲ್ಲವಾ?

ಗಾಳಿ–ತೂಕ:
ಆಕ್ಸಲ್ ಲೆಕ್ಕದಲ್ಲಿ ಒಳಗಿದೆ. ಚಕ್ರದ ಲೆಕ್ಕದಲ್ಲಿ ಇಲ್ಲ. ಎಡಗಡೆ 390, ಬಲಗಡೆ 330. ಎಡ ಟೈರ್ ತನ್ನ ಮಿತಿಗಿಂತ 15 ಕೆಜಿ ಜಾಸ್ತಿ ಹೊತ್ತಿದೆ, ಅದೂ ಗಾಡಿ ನಿಂತಿರೋವಾಗ. ಘಾಟಿಯ ಬಲ ತಿರುವಿನಲ್ಲಿ ತೂಕ ಇನ್ನಷ್ಟು ಎಡಕ್ಕೆ ಸರಿಯುತ್ತೆ. ಪಕ್ಕದ ಗೋಡೆ ಜಾಸ್ತಿ ಮಡಚುತ್ತೆ, ಬಿಸಿಯಾಗುತ್ತೆ, ಒಳಗಿನ ಪದರ ಬಿಡುತ್ತೆ. ಎಕ್ಸ್‌ಪ್ರೆಸ್‌ವೇಯಲ್ಲಿ ಮಧ್ಯಾಹ್ನ ಟೈರ್ ಸಿಡಿಯೋದಕ್ಕೆ ಮುಖ್ಯ ಕಾರಣ ಈ ಬಿಸಿ, ಮತ್ತು ಅದಕ್ಕೆ ದಾರಿ ಮಾಡಿಕೊಡೋದು ಕಮ್ಮಿ ಗಾಳಿ, ಜಾಸ್ತಿ ತೂಕ.

ಹಾಗಾಗಿ ಎರಡು ಕೆಲಸ ಮಾಡಿ.

ಬ್ಯಾಟರಿ ಜಾಗ ಬದಲಿಸಿ. ಆ ಅಳತೆಯ ಟ್ಯೂಬುಲರ್ ಆಸಿಡ್ ಸಮೇತ ಸುಮಾರು 55 ಕೆಜಿ ಬರುತ್ತೆ. ಬಲ ಗೋಡೆಗೆ ಒಯ್ಯಬೇಡಿ, ಆಗ ಬಲಗಡೆ 380ರ ಹತ್ತಿರ ಹೋಗಿ ಅದೇ ತೊಂದರೆ ಆ ಕಡೆ ಶುರು. ಗಾಡಿಯ ನಡುಮಧ್ಯಕ್ಕೆ, ಹಿಂದಿನ ಆಕ್ಸಲ್‌ಗೆ ಸ್ವಲ್ಪ ಮುಂದೆ ಇಡಿ. ಆಗ ಸುಮಾರು 25 ಕೆಜಿ ಆಚೆ ಹೋಗಿ 365–355 ಆಗುತ್ತೆ. ಕಬ್ಬಿಣದ ಆಂಗಲ್ ಫ್ರೇಮ್ ಮಾಡಿಸಿ ನೆಲದ ಕ್ರಾಸ್ ಮೆಂಬರ್‌ಗೆ ಬೋಲ್ಟ್ ಹಾಕಿ. ಪ್ಲೈವುಡ್‌ಗೆ ಸ್ಕ್ರೂ ಹೊಡೆದರೆ ಜೋರಾಗಿ ಬ್ರೇಕ್ ಹಿಡಿದಾಗ ಕಿತ್ತುಕೊಂಡು ಬರುತ್ತೆ. ಚಾರ್ಜ್ ಆಗೋವಾಗ ಗ್ಯಾಸ್ ಬಿಡೋ ಬ್ಯಾಟರಿ ಅದು. ಪೆಟ್ಟಿಗೆ ಮಾಡಿಸಿ ಹೊರಕ್ಕೆ ಪೈಪ್ ಕೊಡಿ, ಸಿಲಿಂಡರ್ ಹತ್ತಿರ ಇಡಲೇಬೇಡಿ.

ಟೈರ್ 145 ಆರ್ 12 ಎಲ್‌ಟಿ ತಗೊಳ್ಳಿ. 365 ಬಂದರೂ 375ರ ಟೈರ್‌ಗೆ ಅಂಚಿನಲ್ಲೇ ಇದೆ, ಶೇ. 15ರಷ್ಟಾದರೂ ಉಳಿಕೆ ಇರಬೇಕು. ಲೋಡ್ ಇಂಡೆಕ್ಸ್ (ಮೇಲೆ ಹೇಳಿದ ತೂಕದ ಸಂಖ್ಯೆ) 80 ಇದ್ದರೆ ಧಾರಾಳ. 8 ಪ್ಲೈಯೇ ಆಗಬೇಕು ಅಂತಿಲ್ಲ, ಈ ತೂಕಕ್ಕೆ ಅದು ಗಡುಸಾಗಿ ಕುಲುಕುತ್ತೆ, ಅಷ್ಟೇ ಲಾಭ. ಅಂಗಡಿಯವರ ಬಾಯಿ ಮಾತು ಬಿಟ್ಟು ಪಕ್ಕದ ಗೋಡೆ ಮೇಲಿನ ಸಂಖ್ಯೆ ಓದಿ. ಎಲ್‌ಟಿಯಲ್ಲಿ 80/78 ಅಂತ ಎರಡು ಇರುತ್ತೆ. ಮೊದಲನೇದು ಒಂಟಿ ಚಕ್ರಕ್ಕೆ, ಎರಡನೇದು ಜೋಡಿ ಚಕ್ರಕ್ಕೆ. ನಿಮಗೆ ಮೊದಲನೇದು.

ಟೈರ್ ಗಟ್ಟಿ ಆಯ್ತು ಅಂತ ಗಾಡಿ ಮಿತಿ ಏರಲ್ಲ. ಆರ್‌ಸಿಯಲ್ಲಿರೋ ಒಟ್ಟು ತೂಕ ನೋಡಿ 1310ರ ಜೊತೆ ಹೋಲಿಸಿ. ಬ್ರೇಕು, ಪಟ್ಟಿ (ಹಿಂದಿನ ಸ್ಪ್ರಿಂಗ್), ಬೇರಿಂಗ್ ಎಲ್ಲಾ ಹಳೇವೇ ತಾನೇ.

ಡಿಸ್ಕ್ ರಿಮ್:
3416 ಅಂದರೆ 2016ರ 34ನೇ ವಾರ. ಬಟನ್ ಎಷ್ಟಿದ್ದರೂ ಬಿಚ್ಚಿಸಿ. ಹೆಚ್ಚು ನಿಂತೇ ಇರೋ ಗಾಡೀಲಿ ರಬ್ಬರ್ ಸವೆಯೋಕಿಂತ ಮೊದಲು ಒಣಗುತ್ತೆ. ಓಡೋ ಟೈರ್‌ನಲ್ಲಿ ಒಳಗಿನ ಮೇಣದಂಥ ಅಂಶ ಮೇಲೆ ಬಂದು ರಬ್ಬರ್ ಕಾಯುತ್ತೆ, ನಿಂತ ಟೈರ್‌ನಲ್ಲಿ ಅದು ಆಗಲ್ಲ, ಬಿಸಿಲು ಮತ್ತು ಓಜೋನ್ ಬಿರುಕು ಬಿಡಿಸುತ್ತೆ. ಐದು ವರ್ಷ ಆದಮೇಲೆ ವರ್ಷಕ್ಕೊಮ್ಮೆ ಬಿಚ್ಚಿಸಿ ಒಳಗೂ ನೋಡಬೇಕು. ಹತ್ತು ವರ್ಷ ದಾಟಿದ್ದನ್ನ ಸ್ಟೆಪ್ನಿಯಾಗೂ ಇಡಬಾರದು.

ಹೊಸದು ತಗೊಳ್ಳೋವಾಗ ಸ್ಟೆಪ್ನಿ ಸೇರಿ ಐದಕ್ಕೂ ಆ ನಾಲ್ಕಂಕಿ ನೋಡಿ, ಆರು ತಿಂಗಳ ಒಳಗಿನದು ಕೇಳಿ. ಎಷ್ಟೋ ಟೈರ್‌ಗೆ ತಾರೀಕು ಒಂದೇ ಪಕ್ಕ ಇರುತ್ತೆ, ಅದು ಒಳಮುಖ ಆಗಿದ್ದರೆ ಬಗ್ಗಿ ನೋಡಿ. 12 ಇಂಚಿನ ಎಲ್‌ಟಿ ಈಗ ನಿಧಾನಕ್ಕೆ ಖರ್ಚಾಗೋ ಸರಕು, ಗೋಡೌನಿನಲ್ಲಿ ಎರಡು ವರ್ಷ ಕೂತಿರೋದೂ ಉಂಟು. ಮೈಸೂರಲ್ಲೇ ವಿಕ್ರಾಂತ್ ಕಾರ್ಖಾನೆ ಇದೆ, 1997ರಿಂದ ಅದು ಜೆಕೆಯವರದ್ದು. ಹಾಗಂತ ಊರಲ್ಲಿ ಸಿಗೋದೆಲ್ಲ ತಾಜಾ ಅಲ್ಲ, ಎಂಆರ್‌ಎಫ್, ಅಪೊಲೊ, ಸಿಯೆಟ್ ಯಾವುದಾದರೂ ಸರಿ, ತಾರೀಕೇ ಮಾತಾಡಬೇಕು. ಐಎಸ್‌ಐ ಗುರುತು ಇರಲೇಬೇಕು: ಕಾರಿನ ಟೈರ್‌ಗೆ ಐಎಸ್ 15633, ಎಲ್‌ಟಿಯಂಥ ವಾಣಿಜ್ಯ ಟೈರ್‌ಗೆ ಐಎಸ್ 15636. ರೀಸೋಲ್ (ಹಳೇ ಟೈರ್‌ಗೆ ಹೊಸ ಬಟನ್ ಅಂಟಿಸಿದ್ದು) ಬೇಡವೇ ಬೇಡ.

ಇನ್ನು ರಿಮ್. ಹಳೇ ಟೈರ್ ಬಿಚ್ಚಿದ ತಕ್ಷಣ ಟೈರ್ ಕೂರೋ ಅಂಚಿನ ಮೇಲೆ ಬೆರಳಾಡಿಸಿ. ತುಕ್ಕು ಪದರ ಪದರವಾಗಿ ಎದ್ದಿದ್ದರೆ ವೈರ್ ಬ್ರಷ್ ಹೊಡೆಸಿ ಪ್ರೈಮರ್, ಪೇಂಟ್ ಮಾಡಿಸಿ. ಹಳ್ಳ ಬಿದ್ದಿದ್ದರೆ ರಿಮ್ಮೇ ಬದಲಿಸಿ. ಅಂಚಿನ ಒಳಗೆ ಸುತ್ತಲೂ ಸಣ್ಣ ಉಬ್ಬು ಗೆರೆ ಇದ್ದರೆ ಮಾತ್ರ ಟ್ಯೂಬ್‌ಲೆಸ್. ಇಲ್ಲದಿದ್ದರೆ ಟ್ಯೂಬ್ ಟೈರ್, ಅದಕ್ಕೆ ಅದೇ ಸೈಜಿನ ರೇಡಿಯಲ್ ಟ್ಯೂಬ್, ಅದೂ ಹೊಸದು. ಹಳೇ ಟ್ಯೂಬ್ ಹಿಗ್ಗಿರುತ್ತೆ, ಒಳಗೆ ಮಡಿಕೆ ಬಿದ್ದು ಅಲ್ಲೇ ಸವೆದು ಹರಿಯುತ್ತೆ. ಟ್ಯೂಬ್‌ಲೆಸ್ ಆದರೆ ಐದಕ್ಕೂ ಹೊಸ ವಾಲ್ವ್. ಎಲ್‌ಟಿಗೆ ಗಾಳಿ ಜಾಸ್ತಿ ಬೇಕಾಗೋದರಿಂದ ಆ ಒತ್ತಡಕ್ಕೆ ತಡೆಯೋ ವಾಲ್ವ್ ಕೇಳಿ.

13 ಇಂಚಿನ ಮಾತು ಬಿಡಿ. 145/80 ಆರ್ 12ರ ಸುತ್ತಳತೆಗಿಂತ 155/80 ಆರ್ 13 ಸುಮಾರು ಶೇ. 8 ದೊಡ್ಡದು. ಮೀಟರ್ 60 ತೋರಿಸೋವಾಗ ಗಾಡಿ 65ರ ಹತ್ತಿರ ಓಡುತ್ತೆ. ಅದಕ್ಕಿಂತ ಮುಖ್ಯ, 796 ಸಿಸಿ ಎಂಜಿನ್‌ಗೆ ಗೇರು ಅಷ್ಟೇ ಭಾರ ಆಗುತ್ತೆ. ಇಷ್ಟು ತೂಕ ಹೊತ್ತು ಘಾಟಿ ಹತ್ತೋವಾಗ ಎರಡನೇ ಗೇರಲ್ಲಿ ಎಳೆಯೋ ಕಡೆ ಮೊದಲನೇದಕ್ಕೆ ಬರಬೇಕಾಗುತ್ತೆ, ಕ್ಲಚ್ ಸುಡುತ್ತೆ. ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರ ಒಳಗೆ ಉಜ್ಜೋ ಸಾಧ್ಯತೆನೂ ಇದೆ.

ಚಾಮುಂಡಿ ಪಾದ:
ಎರಡೇ ಹಾಕಿಸೋದಾದರೆ ಹಿಂದಕ್ಕೆ ಹಾಕಿಸಿ. ಮಳೇಲಿ ಮುಂದೆ ಜಾರಿದರೆ ಆಕ್ಸಿಲರೇಟರ್ ಬಿಟ್ಟು ಹತೋಟಿಗೆ ತರಬಹುದು, ಹಿಂದೆ ಜಾರಿದರೆ ಗಾಡಿ ಸುತ್ತುತ್ತೆ. ಆದರೆ ನಿಮ್ಮ ನಾಲ್ಕೂ 2016ರವೇ ಆಗಿದ್ದರೆ ಎರಡರ ಮಾತೇ ಬೇಡ. ಒಂದು ಆಕ್ಸಲ್‌ನಲ್ಲಿ ಒಂದು ಕಡೆ ಎಲ್‌ಟಿ, ಒಂದು ಕಡೆ ಕಾರಿನದ್ದು ಅಂತ ಯಾವತ್ತೂ ಹಾಕಬೇಡಿ. ಸ್ಟೆಪ್ನಿನೂ ಎಲ್‌ಟಿಯೇ ಇರಲಿ.

ಅಲೈನ್‌ಮೆಂಟ್‌ಗೆ ಮುಂಚೆ ಟೈ ರಾಡ್ ಎಂಡ್, ಬಾಲ್ ಜಾಯಿಂಟ್, ಹಿಂದಿನ ಪಟ್ಟಿ ಬುಷ್ ನೋಡಿಸಿ. ಅವು ಸಡಿಲ ಇದ್ದರೆ ಅಲೈನ್‌ಮೆಂಟ್ ದುಡ್ಡು ದಂಡ. ಈಗಿನ ಟೈರ್ ಎಸೆಯೋಕೆ ಮುಂಚೆ ಸವೆತ ಓದಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ ಇತ್ತು, ನಡುವೆ ಸವೆದಿದ್ದರೆ ಜಾಸ್ತಿ, ಒಂದೇ ಅಂಚಾದರೆ ಅಲೈನ್‌ಮೆಂಟ್.

ಗಾಳಿ ವಿಷಯ. ಬಾಗಿಲ ಕಂಬದ ಸ್ಟಿಕ್ಕರ್ ಮೇಲಿರೋದು ಗಾಡಿ ಜೊತೆ ಬಂದ ಟೈರ್‌ಗೆ. ಎಲ್‌ಟಿಗೆ ಬದಲಿಸಿದರೆ ಕಂಪನಿಯ ಲೋಡ್–ಪ್ರೆಶರ್ ಪಟ್ಟಿ ಡೀಲರ್ ಹತ್ತಿರ ಕೇಳಿ, ನಿಮ್ಮ ಚಕ್ರದ ತೂಕಕ್ಕೆ ಎದುರಿರೋ ಅಂಕಿ ಹಾಕಿಸಿ. ಕಾರಿನ ಗಾಳಿಯನ್ನೇ ಎಲ್‌ಟಿಗೆ ಹಾಕಿದರೆ ಅದು ಬರೆದಷ್ಟು ತೂಕ ಹೊರಲ್ಲ. ಪಕ್ಕದಲ್ಲಿ ಬರೆದಿರೋ ಗರಿಷ್ಠ ಅಂಕಿಯನ್ನೂ ಕಣ್ಣುಮುಚ್ಚಿ ಹಾಕಿಸಬೇಡಿ, ಒದ್ದೆ ರಸ್ತೇಲಿ ಹಿಡಿತ ಹೋಗುತ್ತೆ. ಬೆಳಿಗ್ಗೆ ತಣ್ಣಗಿರೋವಾಗಲೇ ನೋಡಿ.

ಊಟಿಗೆ ಹೋಗೋವಾಗ ಎತ್ತರಕ್ಕೆ ಗೇಜು 2 ಪಿಎಸ್‌ಐ ಜಾಸ್ತಿ ತೋರಿಸುತ್ತೆ, ಚಳಿಗೆ ಹೆಚ್ಚುಕಮ್ಮಿ ಅಷ್ಟೇ ಇಳಿಯುತ್ತೆ. ಏನೂ ಮುಟ್ಟಬೇಡಿ. ಇಳಿದು ಬಂದು ಗುಂಡ್ಲುಪೇಟೇಲಿ ಟೈರ್ ಬಿಸಿ ಇರೋವಾಗ ಗಾಳಿ ತೆಗೆದರೆ ಮಾರನೇ ಬೆಳಿಗ್ಗೆ ಕಮ್ಮಿ ಇರುತ್ತೆ.

ಹೊಸ ಟೈರ್ ಹಾಕಿ 50–100 ಕಿಮೀ ಆದಮೇಲೆ ನಟ್ ಮತ್ತೆ ಬಿಗಿ ಮಾಡಿಸಿ, ರಿಮ್‌ಗೆ ಪೇಂಟ್ ಮಾಡಿಸಿದ್ದರಂತೂ ಖಂಡಿತ, ಪೇಂಟ್ ಒತ್ತಿಕೊಂಡು ನಟ್ ಸಡಿಲ ಆಗುತ್ತೆ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸೋದಾದರೆ ನೀರು ಖಾಲಿ ಮಾಡಿ, ಬಿಸಿಲು ಬೀಳೋ ಕಡೆ ಟೈರ್‌ಗೆ ಗೋಣಿಚೀಲ ಮುಚ್ಚಿ, ಎರಡು ವಾರಕ್ಕೊಮ್ಮೆ ಅರ್ಧ ಸುತ್ತು ಉರುಳಿಸಿ. ಅಂಗಡಿಯವರು ಪಕ್ಕಕ್ಕೆ ಬಳಿಯೋ ಎಣ್ಣೆ ಪಾಲಿಶ್ ಬೇಡ ಅನ್ನಿ, ಪೆಟ್ರೋಲಿಯಂ ಅಂಶ ರಬ್ಬರ್‌ನ ತಿನ್ನುತ್ತೆ, ಸೋಪು ನೀರು ಸಾಕು.