ಲಂಡನ್ ಫ್ಲಾಟ್ ಬಾಡಿಗೆಗೆ, ಓನರ್ ವಿರಾಜಪೇಟೆಯಲ್ಲಿ: ಕೌನ್ಸಿಲ್ ಲೈಸೆನ್ಸ್ ಯಾವುದು ಬೇಕು?

ಕರಿಮೆಣಸು_ಬಳ್ಳಿ
ಪೂರ್ವ ಲಂಡನ್ನಿನ ಒಂದು ಬರೋದಲ್ಲಿ (ಕೌನ್ಸಿಲ್ ನಡೆಸುವ ಸ್ಥಳೀಯ ಆಡಳಿತ ವಿಭಾಗ) ಎರಡು ಬೆಡ್‌ರೂಮಿನ ಫ್ಲಾಟ್. ಆರು ಮಹಡಿಯ ಅಪಾರ್ಟ್‌ಮೆಂಟ್, ಲೀಸ್‌ಹೋಲ್ಡ್ (ದೀರ್ಘಾವಧಿ ಗುತ್ತಿಗೆಯ ಒಡೆತನ), ಬ್ಯಾಂಕ್ ಸಾಲ ಇನ್ನೂ ಉಂಟು. ಓನರ್ ಆದ ನಾನು ಈಗ ಕಾಯಂ ವಿರಾಜಪೇಟೆಯಲ್ಲಿ. ಬಾಡಿಗೆಗೆ ಕೊಟ್ಟದ್ದು ಗಂಡ-ಹೆಂಡತಿಗೆ, ಆಮೇಲೆ ಎರಡನೇ ರೂಮಿಗೆ ಅವರ ಸ್ನೇಹಿತ ಸೇರಿಕೊಂಡಿದ್ದಾನೆ. ಈಗ ಕೌನ್ಸಿಲ್‌ನಿಂದ ಪತ್ರ: "ಈ ಮನೆಗೆ ಲೈಸೆನ್ಸ್ ಇದ್ದಂತಿಲ್ಲ." ಐದು ಜನ ಇದ್ದರೆ ಮಾತ್ರ ಬೇಕು ಅಂತಾರೆ ಏಜೆಂಟ್. ಯಾವುದು ಸರಿ? ನಮ್ಮ ಹೋಂಸ್ಟೇ ನೋಂದಣಿ ಥರಾನಾ ಇದು? ಇಲ್ಲೇ ಕೂತು ಅರ್ಜಿ ಹಾಕಬಹುದಾ?

ಹಾರಂಗಿ_ಹಿನ್ನೀರು
ಏಜೆಂಟ್ ಹೇಳಿದ್ದು ಅರ್ಧ ಸರಿ. ಇಂಗ್ಲೆಂಡಿನ 2004ರ ಹೌಸಿಂಗ್ ಆ್ಯಕ್ಟ್‌ನಲ್ಲಿ ಮೂರು ಥರದ ಲೈಸೆನ್ಸ್ ಬರ್ತವೆ. ಕಡ್ಡಾಯ ಎಚ್‌ಎಂಒ (ಒಂದಕ್ಕಿಂತ ಹೆಚ್ಚು ಕುಟುಂಬ ಹಂಚಿಕೊಂಡಿರುವ ಮನೆ) ಲೈಸೆನ್ಸ್ ದೇಶವಿಡೀ ಒಂದೇ: ಐದು ಅಥವಾ ಹೆಚ್ಚು ಜನ, ಎರಡು ಅಥವಾ ಹೆಚ್ಚು ಕುಟುಂಬ, ಅಡುಗೆಮನೆಯೋ ಬಾತ್‌ರೂಮೋ ಹಂಚಿಕೊಂಡಿರಬೇಕು. 2018ರ ಅಕ್ಟೋಬರ್ 1ರಿಂದ ಮನೆಗೆ ಎಷ್ಟು ಮಹಡಿ ಅನ್ನುವುದು ಲೆಕ್ಕಕ್ಕಿಲ್ಲ. ನಿಮ್ಮದು ಮೂರು ಅಥವಾ ಹೆಚ್ಚು ಫ್ಲಾಟ್ ಇರುವ, ಅಪಾರ್ಟ್‌ಮೆಂಟ್ ಆಗಿಯೇ ಕಟ್ಟಿದ ಕಟ್ಟಡವಾದರೆ ಈ ಕಡ್ಡಾಯ ಲೈಸೆನ್ಸ್ ಅನ್ವಯಿಸುವುದೇ ಇಲ್ಲ.

ಆದರೆ ಉಳಿದ ಎರಡು ಬರೋದ ಕೈಯಲ್ಲಿವೆ. ಅಡಿಷನಲ್ ಲೈಸೆನ್ಸ್ ಸಣ್ಣ ಎಚ್‌ಎಂಒಗಳಿಗೆ, ಸಾಮಾನ್ಯವಾಗಿ ಮೂರು-ನಾಲ್ಕು ಜನರಿದ್ದರೆ. ಸೆಲೆಕ್ಟಿವ್ ಲೈಸೆನ್ಸ್ ಒಂದೇ ಕುಟುಂಬಕ್ಕೆ ಕೊಟ್ಟ ಮನೆಗೂ ಬೇಕು. ಕೆಲವು ಬರೋಗಳಲ್ಲಿ ಎರಡೂ ಉಂಟು, ಕೆಲವು ಕಡೆ ಆಯ್ದ ವಾರ್ಡ್‌ಗಳಲ್ಲಿ ಮಾತ್ರ. ಪೂರ್ವ ಲಂಡನ್ನಿನ ನ್ಯೂಹ್ಯಾಮ್ ಬರೋ 2013ರಲ್ಲೇ ಬರೋ ಪೂರ್ತಿ ಸೆಲೆಕ್ಟಿವ್ ತಂದಿತ್ತು. ಒಂದು ಸ್ಕೀಮ್ ಹೆಚ್ಚೆಂದರೆ ಐದು ವರ್ಷ, ಮುಗಿದು ಹೊಸದು ಬರುವಾಗ ವಾರ್ಡ್‌ಗಳು ಬದಲಾಗಬಹುದು. ಅದಕ್ಕೇ ಅಕ್ಕಪಕ್ಕದವರನ್ನು ಕೇಳಬೇಡಿ, ಕೌನ್ಸಿಲ್ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿ ನೋಡಿ.

ನಿಮ್ಮ ಫ್ಲಾಟಿನ ಲೆಕ್ಕ: ಗಂಡ-ಹೆಂಡತಿ ಒಂದು ಕುಟುಂಬ, ಸ್ನೇಹಿತ ಇನ್ನೊಂದು. ಮೂರು ಜನ, ಎರಡು ಕುಟುಂಬ, ಒಂದೇ ಅಡುಗೆಮನೆ. ಅಂದರೆ ಇದು ಎಚ್‌ಎಂಒ ಆಗಿಹೋಗಿದೆ. ಬರೋದಲ್ಲಿ ಅಡಿಷನಲ್ ಸ್ಕೀಮ್ ಇದ್ದರೆ ಅದೇ ಬೇಕು. ಅದಿಲ್ಲದೆ ಸೆಲೆಕ್ಟಿವ್ ಮಾತ್ರ ಇದ್ದರೆ ಸೆಲೆಕ್ಟಿವ್. ತಪ್ಪಾದದ್ದಕ್ಕೆ ಅರ್ಜಿ ಹಾಕಿದರೆ ಫೀಸು ಹೋಗ್ತದೆ, ಲೈಸೆನ್ಸ್ ಬರುವುದಿಲ್ಲ.

ಹೋಂಸ್ಟೇಗೆ ಹೋಲಿಸಬೇಡಿ. ಅದು ಬಂದು ಹೋಗುವ ಪ್ರವಾಸಿಗರ ವಿಷಯ, ಇದು ಮನೆಯೇ ವಾಸವಾಗಿರುವವರದ್ದು.

ಪುಷ್ಪಗಿರಿ_ಮಳೆ
ಮೇಲಿನದಕ್ಕೆ ಸೇರಿಸುವುದು. ಈಗ ಅರ್ಜೆಂಟಾದದ್ದು ಪೂರ್ತಿ ಅರ್ಜಿ ಒಳಗೆ ಹೋಗುವುದು. ಲೈಸೆನ್ಸಿಲ್ಲದೆ ಬಾಡಿಗೆಗೆ ಕೊಡುವುದು ಅಪರಾಧ. ಸರಿಯಾದ ಅರ್ಜಿ, ಫೀಸಿನ ಮೊದಲ ಕಂತು ಎರಡೂ ತಲುಪಿದ ದಿನದಿಂದ ಮುಂದಕ್ಕೆ ನಿಮಗೆ ರಕ್ಷಣೆ ಉಂಟು, ಲೈಸೆನ್ಸ್ ಕೈಗೆ ಬರಲು ತಿಂಗಳುಗಟ್ಟಲೆ ಆದರೂ. ಅರ್ಧ ತುಂಬಿ ಸೇವ್ ಮಾಡಿಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ. ಜನ ಸಿಕ್ಕಿಬೀಳುವುದು ಇಲ್ಲೇ.

ದಂಡ ಸಣ್ಣದಲ್ಲ. ಕೋರ್ಟಿಗೆ ಹೋಗದೆ ಕೌನ್ಸಿಲೇ ಹಾಕಬಹುದಾದ ಗರಿಷ್ಠ ದಂಡ 30,000 ಪೌಂಡ್ ಇತ್ತು, 2025ರ ರೆಂಟರ್ಸ್ ರೈಟ್ಸ್ ಆ್ಯಕ್ಟ್ ಅದನ್ನು 40,000ಕ್ಕೆ ಏರಿಸಿದೆ. ಬಾಡಿಗೆದಾರರು ಟ್ರಿಬ್ಯೂನಲ್‌ಗೆ ಹೋಗಿ ಕೊಟ್ಟ ಬಾಡಿಗೆ ವಾಪಸ್ ಕೇಳಬಹುದು. ಹಿಂದೆ 12 ತಿಂಗಳದ್ದು ಇದ್ದದ್ದನ್ನು ಅದೇ ಕಾಯ್ದೆ 24 ಮಾಡಿದೆ.

ಕೂಡಿಸಿಡಬೇಕಾದ ಕಾಗದಗಳು: ಗ್ಯಾಸ್ ಇದ್ದರೆ ಗ್ಯಾಸ್ ಸೇಫ್ ನೋಂದಾಯಿತ ಎಂಜಿನಿಯರ್ ಕೊಟ್ಟ, 12 ತಿಂಗಳೊಳಗಿನ ಸರ್ಟಿಫಿಕೇಟ್. ಐದು ವರ್ಷದೊಳಗಿನ ವಿದ್ಯುತ್ ತಪಾಸಣಾ ವರದಿ. ಅದರಲ್ಲಿ ಸಿ1, ಸಿ2 ಅಥವಾ ಎಫ್‌ಐ ಅಂತ ಒಂದು ಕೋಡ್ ಇದ್ದರೂ ವರದಿ ಫೇಲ್, 28 ದಿನದೊಳಗೆ ಸರಿಪಡಿಸಿ ಬರಹದಲ್ಲಿ ಪುರಾವೆ ತೆಗೆದುಕೊಳ್ಳಿ. ಎನರ್ಜಿ ಸರ್ಟಿಫಿಕೇಟ್ 'ಇ' ದರ್ಜೆಗಿಂತ ಕೆಳಗಿರಬಾರದು. ಹೊಗೆ ಅಲಾರಂ ಪ್ರತಿ ಮಹಡಿಗೆ ಒಂದಾದರೂ ಬೇಕು, ಬಾಯ್ಲರ್ ಇರುವ ರೂಮಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಎಚ್‌ಎಂಒ ಆದರೆ ಇಷ್ಟಕ್ಕೇ ಬಿಡುವುದಿಲ್ಲ: ಒಂದಕ್ಕೊಂದು ಜೋಡಿಸಿದ ಅಲಾರಂ, ಅರ್ಧ ಗಂಟೆ ಬೆಂಕಿ ತಡೆಯುವ ಬಾಗಿಲು, ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಬೀಗ ಕೇಳಬಹುದು.

ರೂಮಿನ ಅಳತೆ ಮರೆಯಬೇಡಿ. ಹತ್ತು ವರ್ಷ ದಾಟಿದ ಒಬ್ಬರಿಗೆ ಕನಿಷ್ಠ 6.51 ಚದರ ಮೀಟರ್, ಇಬ್ಬರಿಗೆ 10.22. ಛಾವಣಿ ಒಂದೂವರೆ ಮೀಟರಿಗಿಂತ ತಗ್ಗಿದ ಜಾಗ ಲೆಕ್ಕಕ್ಕಿಲ್ಲ. ಸ್ನೇಹಿತನ ರೂಮು 6.3 ಇದ್ದರೆ ಆ ರೂಮಿನಲ್ಲಿ ಹತ್ತು ವರ್ಷ ದಾಟಿದ ಯಾರೂ ಮಲಗುವಂತಿಲ್ಲ ಅಂತ ಷರತ್ತು ಬರ್ತದೆ.

ಇನ್ನೊಂದು, ಅರ್ಜಿ ಹಾಕುವಾಗ ಬ್ಯಾಂಕಿಗೂ ಫ್ರೀಹೋಲ್ಡರ್‌ಗೂ (ಕಟ್ಟಡದ, ಜಾಗದ ಮೂಲ ಮಾಲೀಕ) ಬರಹದಲ್ಲಿ ತಿಳಿಸುವುದು ಕಡ್ಡಾಯ. ಕದ್ದುಮುಚ್ಚಿ ಆಗುವ ಕೆಲಸ ಅಲ್ಲ. ಲೀಸ್‌ನಲ್ಲಿ "ಒಂದೇ ಕುಟುಂಬದ ವಾಸಕ್ಕೆ" ಅಂತ ಇದ್ದರೆ ಲೈಸೆನ್ಸ್ ಸಿಕ್ಕಿದರೂ ಫ್ರೀಹೋಲ್ಡರ್ ಜೊತೆ ತಕರಾರು ಖಂಡಿತ.

ಕರಿಮೆಣಸು_ಬಳ್ಳಿ
ಸ್ನೇಹಿತ ಖಾಲಿ ಮಾಡಿದರೆ? ಮತ್ತೆ ಲೈಸೆನ್ಸ್ ಯಾರ ಹೆಸರಿಗೆ, ನನ್ನದಾ ಏಜೆಂಟರದ್ದಾ?

ಹಾರಂಗಿ_ಹಿನ್ನೀರು
ಖಾಲಿ ಮಾಡಿದರೆ ಎಚ್‌ಎಂಒ ಅಲ್ಲ, ಆದರೆ ಬರೋದಲ್ಲಿ ಸೆಲೆಕ್ಟಿವ್ ಇದ್ದರೆ ಅದು ಬೇಕೇ ಬೇಕು. ಲೈಸೆನ್ಸ್ ಬೇಡದ ಸ್ಥಿತಿಗೆ ನಿಜವಾಗಿ ತರುತ್ತಿದ್ದೀರಿ ಅಂತ ತೋರಿಸಿದರೆ ಮೂರು ತಿಂಗಳ ತಾತ್ಕಾಲಿಕ ವಿನಾಯಿತಿ ನೋಟಿಸ್ ಕೇಳಬಹುದು. ಕೊಡುವುದು ಬಿಡುವುದು ಕೌನ್ಸಿಲಿಗೆ ಬಿಟ್ಟದ್ದು. ಹಿಂದಿನ ತಿಂಗಳುಗಳ ತಪ್ಪು ಮಾತ್ರ ಇದರಿಂದ ಅಳಿಸುವುದಿಲ್ಲ.

ಹೆಸರಿನ ವಿಷಯ: ಅರ್ಜಿ ಆನ್‌ಲೈನ್, ವಿರಾಜಪೇಟೆಯಿಂದಲೇ ಹಾಕಬಹುದು. ಆದರೆ ಓನರ್ ಹೊರದೇಶದಲ್ಲಿದ್ದರೆ, ಯುಕೆಯಲ್ಲೇ ಇರುವ, ರಿಪೇರಿಗೆ ದುಡ್ಡು ಖರ್ಚು ಮಾಡುವ ಅಧಿಕಾರವಿರುವ ಮ್ಯಾನೇಜರ್ ಬೇಕು ಅಂತ ಬಹಳ ಕೌನ್ಸಿಲ್‌ಗಳು ಕೇಳ್ತವೆ. ಏಜೆಂಟ್ ಹೆಸರಲ್ಲಿ ತೆಗೆದರೆ ಏಜೆಂಟ್ ಬದಲಾಯಿಸಿದ ದಿನ ಹೊಸ ಅರ್ಜಿ, ಹೊಸ ಫೀಸು. ಲೈಸೆನ್ಸ್ ವರ್ಗಾವಣೆ ಆಗುವುದಿಲ್ಲ. ನನ್ನ ಪ್ರಕಾರ ಲೈಸೆನ್ಸ್ ನಿಮ್ಮ ಹೆಸರಲ್ಲಿ, ಮ್ಯಾನೇಜರ್ ಏಜೆಂಟ್. ಕೌನ್ಸಿಲ್ ಒಪ್ಪದಿದ್ದರೆ ಮಾತ್ರ ಬೇರೆ ದಾರಿ. ಐದು ಜನರ ಕಥೆ ಹೇಳುವ ಏಜೆಂಟನ್ನೇ ಇಡುತ್ತೀರಾ ಅಂತ ಅದಕ್ಕೂ ಮೊದಲು ಯೋಚಿಸಿ.

ಕಾವೇರಿ_ಲೆಕ್ಕಪತ್ರ
ಲೈಸೆನ್ಸ್ ಪಟ್ಟಿ ಸಾರ್ವಜನಿಕ, ಯಾರು ಬೇಕಾದರೂ ನೋಡಬಹುದು. ಹಾಗಾಗಿ ತೆರಿಗೆಯೂ ಸರಿ ಇರಲಿ. ಓನರ್ ಹೊರದೇಶದಲ್ಲಿದ್ದರೆ ಖರ್ಚು ಕಳೆದ ಬಾಡಿಗೆಯಲ್ಲಿ ಶೇ. 20ರಷ್ಟನ್ನು ಏಜೆಂಟ್ ಮುರಿದು ಅಲ್ಲಿನ ತೆರಿಗೆ ಇಲಾಖೆಗೆ ಕಟ್ಟಬೇಕು. ಎನ್‌ಆರ್‌ಎಲ್1 (ಹೊರದೇಶದಲ್ಲಿರುವ ಓನರ್‌ಗಳ ಅರ್ಜಿ) ಫಾರಂ ಹಾಕಿ ಅನುಮತಿ ಬಂದರೆ ಪೂರ್ತಿ ಬಾಡಿಗೆ ಕೈಗೆ ಬರ್ತದೆ, ಆದರೆ ಅಲ್ಲಿ ರಿಟರ್ನ್ ಸಲ್ಲಿಸುವುದು ತಪ್ಪುವುದಿಲ್ಲ.

ತೆರಿಗೆ ಲೆಕ್ಕದಲ್ಲಿ ನೀವು ಇಲ್ಲಿ ಸಾಮಾನ್ಯ ನಿವಾಸಿ ಆಗಿದ್ದರೆ ಬಾಡಿಗೆಯನ್ನು ಭಾರತದ ರಿಟರ್ನ್‌ನಲ್ಲೂ ತೋರಿಸಬೇಕು, ಫ್ಲಾಟನ್ನು ಅದರ ಶೆಡ್ಯೂಲ್ ಎಫ್‌ಎಯಲ್ಲಿ (ವಿದೇಶಿ ಆಸ್ತಿಯ ಪಟ್ಟಿ) ಬರೆಯಬೇಕು. ಬರೆಯದಿದ್ದರೆ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ. 2024ರಲ್ಲಿ ಬಂದ 20 ಲಕ್ಷದ ವಿನಾಯಿತಿ ಸ್ಥಿರಾಸ್ತಿಗೆ ಇಲ್ಲ. ಅವರ ತೆರಿಗೆ ವರ್ಷ ಏಪ್ರಿಲ್ 6ರಿಂದ ಏಪ್ರಿಲ್ 5ರವರೆಗೆ, ನಮ್ಮದು ಏಪ್ರಿಲ್ 1ರಿಂದ ಮಾರ್ಚ್ 31. ಏಜೆಂಟರ ವಾರ್ಷಿಕ ಸ್ಟೇಟ್‌ಮೆಂಟ್ ಹಾಗೆಯೇ ನಕಲು ಮಾಡಬೇಡಿ, ತಿಂಗಳವಾರು ಕೇಳಿ ತರಿಸಿಕೊಳ್ಳಿ.

ಪುಷ್ಪಗಿರಿ_ಮಳೆ
ಬಾಡಿಗೆದಾರರು ನಿಮಗೆ ನೋಟಿಸ್ ಕಳಿಸಲು ಇಂಗ್ಲೆಂಡ್ ಅಥವಾ ವೇಲ್ಸ್‌ನ ವಿಳಾಸ ಬರಹದಲ್ಲಿ ಕೊಟ್ಟಿರಬೇಕು, ವಿರಾಜಪೇಟೆಯದ್ದು ನಡೆಯುವುದಿಲ್ಲ. ಅದು ಕೊಡುವವರೆಗೆ ಬಾಡಿಗೆ ಬಾಕಿ ಅಂತ ಕಾನೂನಿನಲ್ಲಿ ಕೇಳುವ ಹಾಗೂ ಇಲ್ಲ. ಕೌನ್ಸಿಲ್ ಅರ್ಜಿಯಲ್ಲಿ ಆ ಫ್ಲಾಟಿನದ್ದೇ ವಿಳಾಸ ಹಾಕಬೇಡಿ, ಪತ್ರ ಬಾಡಿಗೆದಾರರ ಕೈಗೆ ಹೋಗಿ ಅಲ್ಲೇ ಉಳಿಯುತ್ತದೆ.