ತೋಟದ ಮಳೆ ಲೆಕ್ಕ ಆನ್‌ಲೈನ್‌ನಲ್ಲಿ ಕೊಡೋದು ಹೇಗೆ?

ಪ್ರಶ್ನೆ (ಗಾಳಿಬೀಡು ಕಡೆಯ ಕಾಫಿ ಬೆಳೆಗಾರ):
ಮೇಡಂ, ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮಳೆ ಲೆಕ್ಕ ಬರೆದಿಡುವ ರೂಢಿ ಇದೆ. ಎಲ್ಲ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕ. ಜೋರು ಮಳೆ, ಗಾಳಿ, ಆಲಿಕಲ್ಲು ಬಿದ್ದರೆ ಈಗ ಜನರೇ ಆನ್‌ಲೈನ್‌ನಲ್ಲಿ ಹವಾಮಾನ ಇಲಾಖೆಗೆ ತಿಳಿಸಬಹುದು ಅಂತ ಮಗಳು ಹೇಳ್ತಾಳೆ. ಉಪಗ್ರಹ, ರೇಡಾರ್ ಎಲ್ಲ ಇರುವಾಗ ನಮ್ಮ ಲೆಕ್ಕ ಯಾರಿಗೆ ಬೇಕು? ಕೊಡೋದಾದರೆ ಎಲ್ಲಿಗೆ, ಹೇಗೆ?

ಉತ್ತರ (ಹವಾಮಾನ ವಿಶ್ಲೇಷಕಿ):
ಬೇಕು ಸರ್. ನಿಮ್ಮ ಕಡೆಯದಂತೂ ಜಾಸ್ತಿನೇ ಬೇಕು. ರೇಡಾರ್ ಕಿರಣ ದೂರ ಹೋದಷ್ಟೂ ನೆಲದಿಂದ ಮೇಲೇರುತ್ತದೆ. ಮಧ್ಯೆ ಬೆಟ್ಟ ಸಿಕ್ಕಿದರೆ ಅಲ್ಲಿಗೇ ನಿಂತಿತು. ಉಪಗ್ರಹಕ್ಕೆ ಕಾಣುವುದು ಮೋಡದ ತಲೆ. ಅದರ ಅಡಿಯಲ್ಲಿ ನಿಮ್ಮ ತೋಟಕ್ಕೆ ಎಷ್ಟು ಸುರಿಯಿತು ಅನ್ನುವುದು ನೆಲದ ಮೇಲಿದ್ದವರಿಗೇ ಗೊತ್ತು. ಕೊಡಗಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗಮಂಡಲದಲ್ಲಿ ಧೋ ಅಂತ ಸುರಿಯುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗಿಸುತ್ತಿರುತ್ತಾರೆ!

ಅಮೆರಿಕದ ಫೋರ್ಟ್ ಕಾಲಿನ್ಸ್ ಊರಿನಲ್ಲಿ 1997ರ ಜುಲೈನಲ್ಲಿ ಹೀಗೇ ಆಯಿತು. ಊರಿನ ಒಂದು ಮೂಲೆಗೆ ಕೆಲವೇ ಗಂಟೆಗಳಲ್ಲಿ ಒಂದು ಅಡಿಗೂ ಮಿಕ್ಕಿ ಮಳೆ, ಉಳಿದ ಕಡೆ ಸಾಧಾರಣ. ಪ್ರವಾಹ ಬಂದು ಜನ ಸತ್ತರು. ಮರುವರ್ಷ ಅಲ್ಲೇ ‘ಕೊಕೊರಾಸ್’ ಶುರುವಾಯಿತು. ಸ್ವಯಂಸೇವಕರು ದಿನಾ ಬೆಳಿಗ್ಗೆ ಮನೆಯಂಗಳದ ಮಳೆಮಾಪಕ ನೋಡಿ ಆನ್‌ಲೈನ್‌ನಲ್ಲಿ ತುಂಬುತ್ತಾರೆ. ಸುಂಟರಗಾಳಿ, ಆಲಿಕಲ್ಲಿನ ಮೇಲೆ ಕಣ್ಣಿಡಲು ಅಲ್ಲಿ ‘ಸ್ಕೈವಾರ್ನ್’ ಅಂತ ಬೇರೆಯೇ ಇದೆ, ಅದಕ್ಕೆ ತರಬೇತಿ ಕೊಡುತ್ತಾರೆ. 2012ರಲ್ಲಿ ‘ಎಂಪಿಂಗ್’ ಆ್ಯಪ್ ಬಂತು. ಅದರಲ್ಲಿ ಹೆಸರನ್ನೂ ಕೇಳುವುದಿಲ್ಲ, ಕಂಡದ್ದನ್ನು ಒತ್ತಿದರೆ ಸಾಕು.

ನಮ್ಮಲ್ಲಿ ಐಎಂಡಿಯ (ಭಾರತೀಯ ಹವಾಮಾನ ಇಲಾಖೆಯ) ಮೌಸಮ್ ಜಾಲತಾಣದಲ್ಲಿ ಸಾರ್ವಜನಿಕರು ತಮ್ಮ ಊರಿನ ಹವಾಮಾನ ತಿಳಿಸುವ ಪುಟ ಇದೆ. ಬರೆ (ಗುಡ್ಡದ ಇಳಿಜಾರು) ಕುಸಿತಕ್ಕೆ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ 2024ರಲ್ಲಿ ‘ಭೂಸ್ಖಲನ್’ ಆ್ಯಪ್ ತಂದಿದೆ. ಆದರೆ ಜೀವಕ್ಕೆ ಅಪಾಯ ಅಂತ ಅನ್ನಿಸಿದರೆ ಆ್ಯಪ್ ತೆಗೆಯುತ್ತಾ ಕೂರಬೇಡಿ. ಮೊದಲು 1077ಕ್ಕೆ ಫೋನ್ ಮಾಡಿ, ಅದು ಜಿಲ್ಲೆಯ ವಿಪತ್ತು ಕಂಟ್ರೋಲ್ ರೂಂ. ಆನ್‌ಲೈನ್ ಆಮೇಲೆ.

ಇನ್ನು ನಿಮ್ಮ ಇಂಚು-ಸೆಂಟ್ ವಿಷಯ. ಐಎಂಡಿ ಲೆಕ್ಕ ಮಿಲಿಮೀಟರ್‌ನಲ್ಲಿ. ಒಂದು ಇಂಚು ಅಂದರೆ 25.4 ಮಿ.ಮೀ. ಇಲ್ಲಿ ಒಂದು ಕಡೆ ಹುಷಾರು. ನಾಲ್ಕು ಇಂಚು ಎರಡು ಸೆಂಟ್ ಅನ್ನುವುದನ್ನು ಕೆಲವರು 4.2 ಅಂತ ಹಾಕುತ್ತಾರೆ. ಅದು 4.02, ಅಂದರೆ 102 ಮಿ.ಮೀ. 4.2 ಹಾಕಿದರೆ 107 ಆಗಿಬಿಡುತ್ತದೆ. 24 ಗಂಟೆಗೆ 64.5 ಮಿ.ಮೀ. ಮುಟ್ಟಿದರೆ ‘ಭಾರಿ ಮಳೆ’, 115.6ರಿಂದ ‘ಅತಿ ಭಾರಿ’, 204.4 ದಾಟಿದರೆ ‘ಅತ್ಯಂತ ಭಾರಿ’. ನಿಮ್ಮ ಲೆಕ್ಕದಲ್ಲಿ ಈ ಕೊನೆಯದು ಎಂಟು ಇಂಚು ಐದು ಸೆಂಟ್. ಕಕ್ಕಡ ಮಾಸದ (ಜುಲೈ-ಆಗಸ್ಟ್) ಮಳೆಯಲ್ಲಿ ನಿಮಗೆ ಅದೇನೂ ಹೊಸದಲ್ಲ ಅಂತ ಗೊತ್ತು!

ತಾರೀಖಿನಲ್ಲೂ ಎಡವಟ್ಟಾಗುತ್ತದೆ. ಐಎಂಡಿಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಇವತ್ತು 8.30ಕ್ಕೆ ಅಳೆದದ್ದು ಇವತ್ತಿನ ತಾರೀಖಿಗೇ, ಅದರಲ್ಲಿ ಮುಕ್ಕಾಲು ಪಾಲು ನಿನ್ನೆ ಬಿದ್ದದ್ದಾದರೂ. ತೋಟದ ಡೈರಿಯಲ್ಲಿ ಅದನ್ನು ಹಿಂದಿನ ದಿನಕ್ಕೆ ಬರೆಯುವವರು ತುಂಬಾ ಜನ ಇದ್ದಾರೆ. ಡೈರಿಯಲ್ಲಿ ಹಾಗೇ ಇರಲಿ, ಆನ್‌ಲೈನ್‌ನಲ್ಲಿ ಮಾತ್ರ ಅಳೆದ ದಿನ, ಅಳೆದ ಗಂಟೆ ಎರಡನ್ನೂ ಹಾಕಿ.

ಪ್ರಶ್ನೆ (ಮಡಿಕೇರಿ, ಹೋಂಸ್ಟೇ ನಡೆಸುವವರು):
ಮಳೆ ಜೋರಾದಾಗ ಮೊದಲು ಕರೆಂಟ್ ಹೋಗುತ್ತೆ, ಆಮೇಲೆ ಟವರ್. ಆಗ ಆನ್‌ಲೈನ್ ಎಂತ ಮಾಡೋದು ಮೇಡಂ?

ಉತ್ತರ:
ಪುಸ್ತಕದಲ್ಲಿ ಗಂಟೆ ಹಾಕಿ ಬರೆದಿಟ್ಟುಕೊಳ್ಳಿ, ನೆಟ್‌ವರ್ಕ್ ಬಂದಾಗ ಕಳಿಸಿ. ತಡವಾಗಿ ಬಂದ ವರದಿಯಿಂದ ಆ ಹೊತ್ತಿನ ಎಚ್ಚರಿಕೆಗೆ ಸಹಾಯ ಆಗದಿರಬಹುದು, ಆದರೆ ಮುಂದಿನ ಮಳೆಗಾಲದ ಲೆಕ್ಕಾಚಾರಕ್ಕೆ ಅದು ಬೇಕು.

ಆದರೆ ಇಲ್ಲಿ ಆಗುವ ತಪ್ಪು ನೋಡಿ. ರಾತ್ರಿ ಮೂರಕ್ಕೆ ಮುಕ್ಕೋಡ್ಲಿನಲ್ಲಿ ಬರೆ ಜಾರಿತು ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಹತ್ತಕ್ಕೆ ಮಡಿಕೇರಿ ಪೇಟೆಗೆ ಬಂದು, ಸಿಗ್ನಲ್ ಸಿಕ್ಕಿದ ಮೇಲೆ ಕಳಿಸುತ್ತೀರಿ. ಫೋನಿನ ಜಿಪಿಎಸ್ ತಾನಾಗಿಯೇ ಮಡಿಕೇರಿ, ಬೆಳಿಗ್ಗೆ ಹತ್ತು ಅಂತ ಹಾಕಿಬಿಟ್ಟರೆ? ಜಾಗವೂ ತಪ್ಪು, ಹೊತ್ತೂ ತಪ್ಪು. ನಕ್ಷೆಯಲ್ಲಿ ಪಿನ್ ಎಳೆದು ಸರಿಯಾದ ಜಾಗಕ್ಕೆ ಇಡಿ. ಹಾಗೆ ಇಡಲು ಆಗದಿದ್ದರೆ ವಿವರದ ಜಾಗದಲ್ಲಿ ಊರು, ಹತ್ತಿರದ ಸೇತುವೆ ಅಥವಾ ಶಾಲೆ ಬರೆಯಿರಿ.

ಪ್ರಶ್ನೆ (ಸೋಮವಾರಪೇಟೆ):
ನಾನು ಹಿಂದೊಮ್ಮೆ ಒಂದು ಕಡೆ ಮರ ಬಿದ್ದ ಫೋಟೋ ಸಮೇತ ಕಳಿಸಿದ್ದೆ. ಒಂದು ಉತ್ತರವೂ ಇಲ್ಲ. ಸುಮ್ನೆ ಟೈಂ ವೇಸ್ಟ್ ಅಲ್ವಾ? ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಹತ್ತು ಜನ ಆದರೂ ನೋಡ್ತಾರೆ.

ಉತ್ತರ:
ಬೇಜಾರು ಆಗೋದು ಸಹಜ. ಈ ಪುಟಗಳು ದೂರು ಪೆಟ್ಟಿಗೆ ಅಲ್ಲ, ಹಾಗಾಗಿ ಒಬ್ಬೊಬ್ಬರಿಗೂ ಉತ್ತರ ಬರುವುದು ಕಮ್ಮಿ. ಅಷ್ಟಾದರೂ ಒಂದು ‘ಸ್ವೀಕರಿಸಿದ್ದೇವೆ’ ಅನ್ನುವ ಸಾಲು ಬಂದರೆ ಜನ ಮತ್ತೆ ಕಳಿಸುತ್ತಾರೆ ಅನ್ನುವುದು ನನ್ನ ಅಭಿಪ್ರಾಯವೂ ಹೌದು.

ವಾಟ್ಸ್‌ಆ್ಯಪ್ ನೆರೆಹೊರೆಗೆ ಒಳ್ಳೆಯದೇ. ನನ್ನ ತಕರಾರು ಫಾರ್ವರ್ಡ್ ಬಗ್ಗೆ. 2018ರ ಜೋಡುಪಾಲದ ಭೂಕುಸಿತದ ಫೋಟೋ ಪ್ರತಿ ಆಗಸ್ಟ್‌ನಲ್ಲೂ ‘ಈಗ ತಾನೇ’ ಅಂತ ತಿರುಗಿದರೆ ನಿಜವಾಗಿ ಕುಸಿದ ದಿನ ಯಾರೂ ನಂಬುವುದಿಲ್ಲ. ನೀವೇ ಕಂಡದ್ದು, ನೀವೇ ಅಳೆದದ್ದು, ಇಷ್ಟನ್ನೇ ಕಳಿಸಿ. ಅಂದಾಜಾದರೆ ಅಂದಾಜು ಅಂತ ಬರೆಯಿರಿ. ಗಾಳಿಯ ವೇಗವನ್ನಂತೂ ನಾವೆಲ್ಲ ಜಾಸ್ತಿನೇ ಹೇಳುತ್ತೇವೆ. ‘ನೂರು ಕಿಲೋಮೀಟರ್ ಗಾಳಿ’ ಅನ್ನುವ ಬದಲು ಏನಾಯಿತು ಅಂತ ಹೇಳಿ: ಸಣ್ಣ ರೆಂಬೆ ಮುರಿದು ಬಿದ್ದವೋ, ಬುಡಸಮೇತ ಮರವೇ ಉರುಳಿತೋ? ಮೊದಲನೆಯದಕ್ಕೆ ಗಂಟೆಗೆ ಸುಮಾರು 62ರಿಂದ 74 ಕಿ.ಮೀ. ಗಾಳಿ ಸಾಕು. ಮಣ್ಣು ನೆನೆದಿದ್ದರೆ ಮರ ಕಮ್ಮಿ ಗಾಳಿಗೂ ಉರುಳುತ್ತದೆ, ಅದನ್ನೂ ಸೇರಿಸಿ ಬರೆಯಿರಿ.

ಬರೆ ಹತ್ತಿರ ಮನೆ ಇದ್ದವರು ಇಷ್ಟು ನೋಡಿ: ನೆಲದಲ್ಲಿ ಹೊಸ ಬಿರುಕು, ವಾಲುತ್ತಿರುವ ಕಂಬ ಅಥವಾ ಮರ, ತಿಳಿಯಾಗಿದ್ದ ಒರತೆಯಲ್ಲಿ ದಿಢೀರ್ ಕೆಸರು, ಮಳೆ ಬರುತ್ತಿದ್ದರೂ ತೋಡಿನ ನೀರು ಇಳಿಯುವುದು. ಇದರಲ್ಲಿ ಯಾವುದು ಕಂಡರೂ ಫೋಟೋಗೆ ನಿಲ್ಲಬೇಡಿ. ಮನೆಯವರನ್ನು, ಲೈನ್ ಮನೆಯ ಕಾರ್ಮಿಕರನ್ನು ಹೊರಡಿಸಿ, ದಾರಿಯಲ್ಲಿ 1077.

ಪ್ರಶ್ನೆ (ಗಾಳಿಬೀಡಿನವರೇ ಮತ್ತೆ):
ಥ್ಯಾಂಕ್ಸ್ ಮೇಡಂ. ಒಂದು ಡೌಟ್. ನಮ್ಮ ಗೇಜ್ ಹಳೇದು, ಬಾಯಿ ಐದು ಇಂಚು ಅಗಲ. ಅಳೆಯುವ ಗ್ಲಾಸ್ ಹೋದ ವರ್ಷ ಒಡೆದು ಬೇರೆ ತಂದಿದ್ದೇವೆ. ನಡೆಯುತ್ತಾ? ಗೇಜ್ ಸಿಲ್ವರ್ ಓಕ್ ಪಕ್ಕದಲ್ಲಿದೆ.

ಉತ್ತರ:
ಸಿಲ್ವರ್ ಓಕ್ ಪಕ್ಕದಿಂದ ಮೊದಲು ತೆಗೆಯಿರಿ. ಮರದ ಎತ್ತರದ ಎರಡು ಪಟ್ಟು ದೂರವಾದರೂ ಇರಬೇಕು. ಕಾಫಿ ಒಣಗಿಸುವ ಕಣದ ಅಂಚು ಸಾಮಾನ್ಯವಾಗಿ ಒಳ್ಳೆಯ ಜಾಗ.

ಗ್ಲಾಸ್ ಆ ಗೇಜ್‌ಗೇ ಮಾಡಿದ್ದಾಗಿರಬೇಕು. ಬಾಯಿಯ ಅಗಲ ಬೇರೆಯಾದರೆ ಗೀಟುಗಳ ಲೆಕ್ಕವೇ ಬೇರೆ. ಪರೀಕ್ಷೆ ಸುಲಭ. ಐದು ಇಂಚು ಬಾಯಿಯ ಗೇಜ್‌ನಲ್ಲಿ ಒಂದು ಇಂಚು ಮಳೆಗೆ ಸುಮಾರು 322 ಮಿಲಿಲೀಟರ್ ನೀರು ಸೇರುತ್ತದೆ. ಮೆಡಿಕಲ್ ಶಾಪಿನ ಸಿರಿಂಜ್‌ನಿಂದ ಅಷ್ಟು ನೀರು ಅಳೆದು ನಿಮ್ಮ ಗ್ಲಾಸ್‌ಗೆ ಹಾಕಿ. ಗ್ಲಾಸ್ ಅರ್ಧ ಇಂಚು ಮಳೆ ಅಳೆಯುವಂಥದ್ದಾದರೆ 161 ಮಿಲಿಲೀಟರ್. ಗೀಟಿಗೆ ಸರಿಯಾಗಿ ನಿಂತರೆ ಹೋದ ವರ್ಷದ ಲೆಕ್ಕವೂ ಸರಿ ಇದೆ. ನಿಲ್ಲದಿದ್ದರೆ ಎಷ್ಟಕ್ಕೆ ನಿಂತಿತು ಅಂತ ಇಲ್ಲೇ ಹಾಕಿ, ಹಳೆಯ ಅಂಕಿಗಳನ್ನು ತಿದ್ದುವ ಲೆಕ್ಕ ಹೇಳುತ್ತೇನೆ.